ಸಂದರ್ಶನದ ಕೋಣೆ ಮತ್ತು ಕಾಗದದ ಸಾಕ್ಷಿ

ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದರು. ಪರೀಕ್ಷೆ ಬರೆದು ಆ ಸೇವೆಗೆ ಬಂದ ಮೊದಲ ಹೆಣ್ಣುಮಗಳು ಅವರೇ. ಸಂದರ್ಶನದ ದಿನ ಲೋಕಸೇವಾ ಆಯೋಗದ ಅಧ್ಯಕ್ಷರು, ಈ ಸೇವೆ ನಿಮಗೆ ಬೇಡವೆಂದು ಅವರ ಮನವೊಲಿಸಲು ನೋಡಿದರು. ಮುತ್ತಮ್ಮ ಒಪ್ಪಲಿಲ್ಲ. ಮುಂದೊಮ್ಮೆ ಅದೇ ಅಧ್ಯಕ್ಷರು, ಮೌಖಿಕ ಪರೀಕ್ಷೆಯಲ್ಲಿ ನಿಮಗೆ ಕನಿಷ್ಠ ಅಂಕ ಬೀಳುವಂತೆ ನನ್ನ ಪ್ರಭಾವ ಬಳಸಿದ್ದೆ ಎಂದು ಅವರಿಗೇ ಹೇಳಿದರಂತೆ. ಮೂವತ್ತು ವರ್ಷಗಳ ಮೇಲೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ ಮುತ್ತಮ್ಮ ಅರ್ಜಿಯಲ್ಲಿ ಹೇಳಿಕೊಂಡ ಸಂಗತಿ ಇದು. ಹೆಣ್ಣುಮಕ್ಕಳ ಬಗ್ಗೆ ಅಂಥ ಪೂರ್ವಗ್ರಹ ಆ ಕಾಲದಲ್ಲಿ ಎಲ್ಲೆಲ್ಲೂ ಇತ್ತು. 1951ರಲ್ಲಿ ಐಎಎಸ್ ಸಂದರ್ಶನಕ್ಕೆ ಹೋದ ಅನ್ನಾ ರಾಜಂ ಅವರಿಗೂ ಮಂಡಳಿ, ಹೆಂಗಸರಿಗೆ ಒಪ್ಪುವ ಬೇರೆ ಸೇವೆ ನೋಡಿಕೊಳ್ಳಿ ಎಂದೇ ಬುದ್ಧಿ ಹೇಳಿತ್ತು. ಮುತ್ತಮ್ಮನವರ ಪ್ರಸಂಗದಲ್ಲಿ ನನ್ನನ್ನು ಕಾಡುವುದು ಇನ್ನೊಂದು ಮಾತು. ಆ ಅಧ್ಯಕ್ಷರು ತಾವಾಗಿ ಬಾಯಿ ಬಿಡದಿದ್ದರೆ, ತಮಗೆ ಅನ್ಯಾಯವಾಗಿದೆ ಎಂಬುದು ಮುತ್ತಮ್ಮನವರಿಗೆ ಕೊನೆಯವರೆಗೂ ಗೊತ್ತಾಗುತ್ತಿರಲಿಲ್ಲ. ಕಡತದಲ್ಲಿ ಒಂದು ಅಂಕಿ ಮಾತ್ರ ಇರುತ್ತಿತ್ತು. ಅಂಕಿಗೆ ಕಾರಣ ಬರೆಯುವ ಪದ್ಧತಿಯೇ ಇರಲಿಲ್ಲ.

ಸರ್ಕಾರಿ ಕೆಲಸಕ್ಕೆ ಆಳನ್ನು ಆರಿಸುವ ರೀತಿಗೆ ನಮ್ಮಲ್ಲಿ ಒಂದು ವಿಚಿತ್ರ ಚರಿತ್ರೆಯಿದೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ನಿರ್ದೇಶಕರ ಶಿಫಾರಸಿನಿಂದಲೇ ಹುದ್ದೆ ದಕ್ಕುತ್ತಿತ್ತು. ಆ ಶಿಫಾರಸನ್ನು ಮುರಿಯಲೆಂದೇ 1853ರ ಚಾರ್ಟರ್ ಕಾಯ್ದೆ ಸ್ಪರ್ಧಾ ಪರೀಕ್ಷೆಯನ್ನು ತಂದಿತು. 1855ರಲ್ಲಿ ಲಂಡನ್ನಿನಲ್ಲಿ ಮೊದಲ ಪರೀಕ್ಷೆ ನಡೆಯಿತು. ಮನಸ್ಸಿದ್ದೋ ಇಲ್ಲದೆಯೋ ಬ್ರಿಟಿಷರು ತೆರೆದ ಆ ಬಾಗಿಲಿನಿಂದಲೇ 1863ರಲ್ಲಿ ಸತ್ಯೇಂದ್ರನಾಥ ಟ್ಯಾಗೋರರು ಒಳಗೆ ಹೋದರು. ವಿಷಯಜ್ಞಾನವನ್ನು ಬದಿಗಿಟ್ಟು ಅಭ್ಯರ್ಥಿಯ ಒಟ್ಟು ವ್ಯಕ್ತಿತ್ವವನ್ನು ಅಳೆಯುವ ಮೌಖಿಕ ಪರೀಕ್ಷೆ ಬಂದದ್ದು ಅದಾದ ಅರ್ಧ ಶತಮಾನದ ಮೇಲೆ. ಬ್ರಿಟನ್ನಿನ ಲೀತ್ಸ್ ಸಮಿತಿ 1917ರಲ್ಲಿ ಅದನ್ನು ಶಿಫಾರಸು ಮಾಡಿತು. ಅದಕ್ಕೆ ನಿಗದಿಯಾದದ್ದು 300 ಅಂಕ. ಸ್ವಾತಂತ್ರ್ಯ ಬಂದ ಮೇಲೂ ನಾವು ಆ ಪದ್ಧತಿಯನ್ನು ಬಿಡಲಿಲ್ಲ. ಲಿಖಿತ ಪರೀಕ್ಷೆ ಹೊರಗಟ್ಟಿದ್ದ ಶಿಫಾರಸು ಹಿತ್ತಲ ಬಾಗಿಲಿನಿಂದ ಮತ್ತೆ ಬರಲು ಈ 300 ಅಂಕ ಸಾಕಷ್ಟು ಜಾಗ ಕೊಟ್ಟಿತು ಎಂಬುದು ನನ್ನ ತಿಳಿವಳಿಕೆ.

ಮುತ್ತಮ್ಮನವರ ಮೊಕದ್ದಮೆಯಲ್ಲಿ 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ತೀರ್ಪು ಕೊಟ್ಟರು. ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಮದುವೆಯ ನಂತರ ರಾಜೀನಾಮೆ ಕೊಡಿಸಲೂಬಹುದು ಎಂಬ ನಿಯಮವನ್ನೂ, ವಿವಾಹಿತೆಗೆ ನೇಮಕದ ಹಕ್ಕಿಲ್ಲ ಎಂಬ ನಿಯಮವನ್ನೂ ಕೋರ್ಟು ಕಟುವಾಗಿ ಖಂಡಿಸಿತು. ಅಷ್ಟರಲ್ಲಿ ಮುತ್ತಮ್ಮನವರಿಗೆ ಬಡ್ತಿ ಸಿಕ್ಕಿದ್ದರಿಂದ ಅರ್ಜಿ ವಜಾ ಆಯಿತು. ಆದರೂ ಸೇವಾ ನಿಯಮಗಳನ್ನೆಲ್ಲ ಪರಿಶೀಲಿಸಿ ತಾರತಮ್ಯ ಅಳಿಸಬೇಕೆಂದು ಕೋರ್ಟು ಸರ್ಕಾರಕ್ಕೆ ಒತ್ತಿ ಹೇಳಿತು. ಇಲ್ಲಿ ಗಮನಿಸಬೇಕಾದದ್ದು, ಕೋರ್ಟಿನ ಕೈಗೆ ಸಿಕ್ಕಿದ್ದು ಮುದ್ರಿತ ನಿಯಮ. ಸಂದರ್ಶನದ ಕೋಣೆಯ ಮಾತು ಸಿಗಲಿಲ್ಲ. 1991ರ ನೀರಾ ಮಾಥುರ್ ಪ್ರಕರಣದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಭಾರತೀಯ ಜೀವ ವಿಮಾ ನಿಗಮ ಹೊಸದಾಗಿ ಸೇರುವ ಹೆಂಗಸರಿಂದ ಘೋಷಣಾ ಪತ್ರವೊಂದನ್ನು ತುಂಬಿಸಿಕೊಳ್ಳುತ್ತಿತ್ತು. ಮುಟ್ಟು ಕ್ರಮವಾಗಿ ಆಗುತ್ತದೆಯೇ, ಎಷ್ಟು ಬಾರಿ ಬಸಿರಾಗಿದ್ದೀರಿ ಎಂದೆಲ್ಲ ಅದರಲ್ಲಿ ಕೇಳಿತ್ತು. ಆ ಪತ್ರದಲ್ಲಿ ಸುಳ್ಳು ಬರೆದರೆಂದು ನೀರಾ ಅವರನ್ನು ಕೆಲಸದಿಂದ ತೆಗೆದದ್ದನ್ನು ಸುಪ್ರೀಂ ಕೋರ್ಟು ರದ್ದುಮಾಡಿತು. ಆ ಕಾಲಂಗಳನ್ನೇ ತೆಗೆದುಹಾಕಿ ಎಂದು ನಿಗಮಕ್ಕೆ ಹೇಳಿತು. ಅದೇ ಪ್ರಶ್ನೆಯನ್ನು ಸಂದರ್ಶನದಲ್ಲಿ ಬಾಯಲ್ಲಿ ಕೇಳಿ, ಉತ್ತರ ಹಿಡಿಸದೆ ನಾಲ್ಕು ಅಂಕ ಕಡಿಮೆ ಕೊಟ್ಟಿದ್ದರೆ ಯಾವ ಕಾಲಂ ಅಳಿಸಲು ಸಾಧ್ಯವಿತ್ತು? ಎಪ್ಪತ್ತು ವರ್ಷಗಳ ಈ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು. ಸಂದರ್ಶನದ ಅನ್ಯಾಯ ತಗ್ಗಿರುವುದು ಅಭ್ಯರ್ಥಿಯ ಧೈರ್ಯದಿಂದಲೋ ಜಾಣ ಉತ್ತರದಿಂದಲೋ ಅಲ್ಲ. ಆ ಕೋಣೆಯಲ್ಲಿ ನಡೆದದ್ದರ ಗುರುತು ಹೊರಗೆ ಉಳಿದಾಗ, ಅದಕ್ಕೆ ಕೊಟ್ಟ ಅಂಕದ ತೂಕ ಇಳಿದಾಗ ಮಾತ್ರ ಅದು ತಗ್ಗಿದೆ.

ತೂಕದ ಜಗಳ ಮೊದಲು ಎದ್ದದ್ದು ಕಾಲೇಜು ಸೀಟುಗಳ ವಿಷಯದಲ್ಲಿ, ಅದರಲ್ಲೂ ನಮ್ಮ ಮೈಸೂರು ರಾಜ್ಯದಲ್ಲಿ. 1963ರಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಪ್ರವೇಶಕ್ಕೆ ಸಂದರ್ಶನ ಸೇರಿಸಿ, ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟನ್ನು ಅದಕ್ಕೆ ಇಟ್ಟಿತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟ, ನಾಟಕ ಎಲ್ಲವೂ ಅದರೊಳಗೆ ಸೇರಿತ್ತು. ಸಮಿತಿ ಅಧಿಕಾರ ದುರುಪಯೋಗ ಮಾಡಿದೆಯೆಂದು ಮೈಸೂರು ಹೈಕೋರ್ಟು ಆ ಸಂದರ್ಶನಗಳನ್ನು ರದ್ದುಮಾಡಿ ಹೊಸದಾಗಿ ನಡೆಸಲು ಹೇಳಿತು. ಆದರೆ ಚಿತ್ರಲೇಖಾ ಪ್ರಕರಣವೆಂದು ಹೆಸರಾದ 1964ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಪದ್ಧತಿಯನ್ನು ಎತ್ತಿಹಿಡಿಯಿತು. ದುರುಪಯೋಗದ ಸಾಧ್ಯತೆ ಇದೆಯೆಂದು ಪದ್ಧತಿಯೇ ಕೆಟ್ಟದ್ದಾಗುವುದಿಲ್ಲ, ದುರುಪಯೋಗ ಸಾಬೀತಾದಲ್ಲಿ ಅಳಿಸಬಹುದು ಎಂಬುದು ಅದರ ನಿಲುವು. ತರ್ಕ ಸರಿಯಾಗಿಯೇ ಇದೆ. ಸಾಬೀತು ಮಾಡುವ ಸಾಮಗ್ರಿ ಅಭ್ಯರ್ಥಿಗೆ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರವಿರಲಿಲ್ಲ. ಒಂದು ಉತ್ತರ ಬಂದದ್ದು 1980ರ ನವೆಂಬರಿನಲ್ಲಿ, ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಅಜಯ್ ಹಾಸಿಯಾ ಪ್ರಕರಣದಲ್ಲಿ. ಲಿಖಿತಕ್ಕೆ 100, ಮೌಖಿಕಕ್ಕೆ 50 ಅಂಕ. ಎರಡು ಮೂರು ನಿಮಿಷದಲ್ಲಿ ಅಪ್ಪನ ವಿಚಾರ, ಮನೆಯ ವಿಚಾರ ಕೇಳಿ ಕಳಿಸಿದರು ಎಂಬುದು ಹುಡುಗರ ದೂರು. ಲಿಖಿತದಲ್ಲಿ ಹಿಂದಿದ್ದವರು ಮೌಖಿಕದಲ್ಲಿ ದಂಡಿಯಾಗಿ ಅಂಕ ಪಡೆದು ಮುಂದೆ ಬಂದಿದ್ದರು. ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಬರೆದ ತೀರ್ಪು, ಇಂಥ ಪ್ರವೇಶಗಳಲ್ಲಿ ಮೌಖಿಕಕ್ಕೆ ಶೇ. 15ಕ್ಕಿಂತ ಹೆಚ್ಚು ಕೊಡುವುದು ಸ್ವೇಚ್ಛಾಚಾರ ಎಂದಿತು. ಯಾರ ಮನಸ್ಸಿನಲ್ಲಿ ಏನಿತ್ತು ಎಂದು ಕೋರ್ಟು ಹುಡುಕಲಿಲ್ಲ. ಲೆಕ್ಕ ನೋಡಿತು, ಗಡಿಯಾರ ನೋಡಿತು. ಮನಸ್ಸಿನ ಹಾಗೆ ಇವೆರಡನ್ನೂ ಯಾರೂ ಮರೆಮಾಚಲಾರರು.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪಣೆಯನ್ನು ಸುಪ್ರೀಂ ಕೋರ್ಟೇ ಮರುವರ್ಷ ಎತ್ತಿತು. ರಾಜಸ್ಥಾನದ ಮುನ್ಸೀಫರ ಆಯ್ಕೆಯ ಲೀಲಾಧರ್ ಪ್ರಕರಣದಲ್ಲಿ ಮೌಖಿಕಕ್ಕೆ ಶೇ. 25 ಇಟ್ಟದ್ದು ತಪ್ಪಲ್ಲ ಎಂದರು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ. ಕಾಲೇಜು ಸೇರುವ ಹುಡುಗರ ವ್ಯಕ್ತಿತ್ವ ಇನ್ನೂ ಮಾಗಿರುವುದಿಲ್ಲ, ಅಧಿಕಾರ ಹಿಡಿಯುವ ಪ್ರೌಢರ ವಿಷಯ ಬೇರೆ, ಅವರನ್ನು ಮುಖಾಮುಖಿ ನೋಡಿಯೇ ಅಳೆಯಬೇಕು ಎಂಬುದು ವಾದದ ಸಾರ. ಇದರಲ್ಲಿ ಹುರುಳಿದೆ. ನಾಳೆ ಕಟಕಟೆಯಲ್ಲಿ ನಿಂತ ಬಡವನ ಮಾತು ಕೇಳಬೇಕಾದ ಮುನ್ಸೀಫನಿಗೆ ತಾಳ್ಮೆ ಇದೆಯೇ ಎಂಬುದು ಉತ್ತರಪತ್ರಿಕೆಯಲ್ಲಿ ಕಾಣುವುದಿಲ್ಲ. ಆದರೆ ಈ ವಾದ ಸಂದರ್ಶನ ಬೇಕು ಎಂಬುದನ್ನಷ್ಟೇ ತೋರಿಸುತ್ತದೆ. ಅದಕ್ಕೆ ಭಾರಿ ಅಂಕ ಬೇಕು ಎಂಬುದನ್ನು ತೋರಿಸುವುದಿಲ್ಲ. 1985ರ ಅಶೋಕ್ ಕುಮಾರ್ ಯಾದವ್ ಪ್ರಕರಣ ಅದಕ್ಕೆ ಸಾಕ್ಷಿ. ಹರಿಯಾಣದ ಲೋಕಸೇವಾ ಆಯೋಗ ಕೊನೆಗೆ 119ಕ್ಕೆ ಏರಿದ ಹುದ್ದೆಗಳಿಗೆ 1,300ಕ್ಕೂ ಹೆಚ್ಚು ಜನರನ್ನು ಸಂದರ್ಶನಕ್ಕೆ ಕರೆದು, ಸಾಮಾನ್ಯ ಅಭ್ಯರ್ಥಿಗಳಿಗೆ ಶೇ. 22.2ರಷ್ಟು ಅಂಕವನ್ನು ಮೌಖಿಕಕ್ಕೆ ಇಟ್ಟಿತ್ತು. ಅಷ್ಟು ಜನರನ್ನು ಕರೆದರೆ ಲಿಖಿತದ ತಳದಲ್ಲಿದ್ದವನನ್ನೂ ಮೇಲಕ್ಕೆ ಎತ್ತಬಹುದು. ಹುದ್ದೆಯ ಎರಡು ಮೂರು ಪಟ್ಟು ಮಂದಿಯನ್ನು ಮಾತ್ರ ಕರೆಯಿರಿ, ಕೇಂದ್ರ ಲೋಕಸೇವಾ ಆಯೋಗದಂತೆ ಶೇ. 12.2ಕ್ಕೆ ನಿಲ್ಲಿಸಿ ಎಂದಿತು ಕೋರ್ಟು. ದೇಶದ ಅತ್ಯುನ್ನತ ಹುದ್ದೆಗಳಿಗೆ ಸಾಲುವ ಅಳತೆ ಉಳಿದವಕ್ಕೆ ಏಕೆ ಸಾಲದು?

ಕರ್ನಾಟಕ ಈ ಪಾಠಕ್ಕೆ ತೆತ್ತ ಬೆಲೆ ದೊಡ್ಡದು. 2011ರ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ರಾಜ್ಯದ ಲೋಕಸೇವಾ ಆಯೋಗವಾದ ಕೆಪಿಎಸ್‌ಸಿ ನಡೆಸಿದ ಆಯ್ಕೆಯಲ್ಲಿ ಸಂದರ್ಶನಕ್ಕೆ 200 ಅಂಕವಿತ್ತು. ಹಣ ಕೇಳಿದರೆಂದು ಅಭ್ಯರ್ಥಿಯೊಬ್ಬರು 2013ರಲ್ಲಿ ದೂರಿದ ಮೇಲೆ ಸಿಐಡಿ ತನಿಖೆ ನಡೆಯಿತು. 2014ರಲ್ಲಿ ಸರ್ಕಾರ ಪಟ್ಟಿಯನ್ನು ಹಿಂತೆಗೆದುಕೊಂಡಿತು, 2016ರಲ್ಲಿ ಆಡಳಿತ ನ್ಯಾಯಮಂಡಳಿ ಆಯ್ಕೆಯಾದವರ ಪರ ನಿಂತಿತು, 2018ರಲ್ಲಿ ಹೈಕೋರ್ಟು ಇಡೀ ಆಯ್ಕೆಯನ್ನು ರದ್ದುಮಾಡಿತು, 2022ರಲ್ಲಿ ವಿಧಾನಮಂಡಲ ಕಾಯ್ದೆ ತಂದು ಅದನ್ನು ಸಿಂಧುಗೊಳಿಸಿತು. ಯಾರಿಗೂ ಒಂದು ಕಾಸು ಕೊಡದೆ ಓದಿ ಪಾಸಾದವರು ಆ ಪಟ್ಟಿಯಲ್ಲಿ ಖಂಡಿತ ಇದ್ದರು. ನ್ಯಾಯವಾಗಿ ಬರಬೇಕಾದ ಅಂಕ ಕಳೆದುಕೊಂಡು ಪಟ್ಟಿಯ ಹೊರಗೆ ಉಳಿದವರೂ ಇದ್ದರು. ಹತ್ತು ವರ್ಷ ಇಬ್ಬರೂ ಒಂದೇ ಅನುಮಾನದ ನೆರಳಲ್ಲಿ ಬದುಕಿದರು. ಇಂಥವರನ್ನು ಅಂಥವರಿಂದ ಬೇರ್ಪಡಿಸಿ ತೋರಿಸುವ ದಾಖಲೆ ಸಂದರ್ಶನದ ಕೋಣೆಯಲ್ಲಿ ಹುಟ್ಟಿರಲೇ ಇಲ್ಲ. ಆಮೇಲೆ ರಾಜ್ಯದಲ್ಲಿ ಆ 200 ಅಂಕ 50ಕ್ಕೆ, ಬಳಿಕ 25ಕ್ಕೆ ಇಳಿಯಿತು. ಕೇಂದ್ರ ಸರ್ಕಾರವಂತೂ 2016ರ ಜನವರಿಯಿಂದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು.

ಲಿಖಿತ ಪರೀಕ್ಷೆಯೇನು ನ್ಯಾಯದ ಮೂರ್ತಿಯೇ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ವಿಜಯನಗರದ ಕೋಚಿಂಗ್ ಕೇಂದ್ರಕ್ಕೆ ಶುಲ್ಕ ಕಟ್ಟಬಲ್ಲವನಿಗೂ ಯಾದಗಿರಿಯ ಹಳ್ಳಿಯಲ್ಲಿ ಹೊಲದ ಕೆಲಸ ಮುಗಿಸಿ ಓದುವವನಿಗೂ ಪ್ರಶ್ನೆಪತ್ರಿಕೆ ಒಂದೇ ಇದ್ದರೂ ಪರೀಕ್ಷೆ ಒಂದೇ ಅಲ್ಲ. ಮಂಡಳಿಯಲ್ಲಿ ಅಂತಃಕರಣದ ಒಬ್ಬ ಸದಸ್ಯ ಇದ್ದರೆ ಅಂಥ ಹುಡುಗನ ಕಸುವನ್ನು ಗುರುತಿಸಬಹುದು ಎನ್ನುತ್ತಾರೆ. ನಾನು ಈ ಮಾತನ್ನು ತಳ್ಳಿಹಾಕಲಾರೆ. ಆದರೆ ಲಿಖಿತದ ಅಸಮಾನತೆ ಎಣಿಕೆಗೆ ಸಿಗುತ್ತದೆ. ಅದಕ್ಕೆ ಮೀಸಲಾತಿಯ ಮೂಲಕ, ಭಾಷೆಯ ಆಯ್ಕೆಯ ಮೂಲಕ ಪರಿಹಾರ ಹುಡುಕಬಹುದು. 1979ರಿಂದ ಕನ್ನಡದಲ್ಲಿ ಕೇಂದ್ರದ ನಾಗರಿಕ ಸೇವಾ ಪರೀಕ್ಷೆ ಬರೆಯಲು ಸಾಧ್ಯವಾದದ್ದು ಅಂಥ ಒಂದು ಪರಿಹಾರ. ಸಂದರ್ಶನದಲ್ಲಿ ಉಚ್ಚಾರಣೆ, ಅಡ್ಡಹೆಸರು, ತೊಟ್ಟ ಬಟ್ಟೆ, ಅಪ್ಪನ ಕಸುಬು ಎಲ್ಲವೂ ಎದುರಿಗೇ ಕೂತಿರುತ್ತವೆ. ಅವುಗಳಿಗೆ ಎಷ್ಟು ಅಂಕ ಹೋಯಿತು ಎಂದು ಹೇಳುವ ಹೊಣೆ ಯಾರಿಗೂ ಇಲ್ಲ. ಅಂತಃಕರಣದ ಸದಸ್ಯ ಸಿಗುವುದು ಅದೃಷ್ಟ. ಬಡ ಹುಡುಗನ ಪಾಲಿಗೆ ಅದೃಷ್ಟವನ್ನು ಕಾನೂನಿನ ಜಾಗದಲ್ಲಿ ಕೂರಿಸಬಾರದು.

ಹಾಗಾದರೆ ಅನ್ಯಾಯವಾದವರು ಆಗಲೇ ಏಕೆ ಮಾತಾಡುವುದಿಲ್ಲ? ಕಾನೂನೂ ಹೀಗೇ ಕೇಳುತ್ತದೆ. ಸಂದರ್ಶನಕ್ಕೆ ತಕರಾರಿಲ್ಲದೆ ಕೂತು, ಆಯ್ಕೆಯಾಗದ ಮೇಲೆ ಕ್ರಮ ಸರಿಯಿಲ್ಲ ಎನ್ನುವಂತಿಲ್ಲ ಎಂದು 1995ರ ಮದನ್ ಲಾಲ್ ತೀರ್ಪು ಹೇಳಿದೆ. ಎರಡೂ ಕಡೆ ಆಟವಾಡುವವರನ್ನು ತಡೆಯಲು ಈ ನಿಯಮ ಬೇಕು, ನಿಜ. ಆದರೂ ಒಂದು ಹುದ್ದೆಗೆ ಐದಾರು ವರ್ಷ ಓದಿದವಳು, ಮದುವೆ ಯಾವಾಗ ಎಂದು ಕೇಳಿದ ಮಂಡಳಿಯೆದುರು ಎದ್ದು ಪ್ರತಿಭಟಿಸಬೇಕೆಂದು ನಿರೀಕ್ಷಿಸುವುದು ನಿರ್ದಯ. ಆಕೆ ಮಾಡಬಹುದಾದದ್ದು ಇಷ್ಟು: ಅದೇ ದಿನ ಕೇಳಿದ ಪ್ರಶ್ನೆ, ಹಿಡಿದ ಸಮಯ, ಹಾಜರಿದ್ದವರ ಸಂಖ್ಯೆ ಬರೆದಿಟ್ಟುಕೊಳ್ಳುವುದು, ಫಲಿತಾಂಶಕ್ಕೆ ಮುನ್ನ ಆಯೋಗಕ್ಕೆ ನೋಂದಾಯಿತ ಅಂಚೆಯಲ್ಲಿ ದೂರು ಕಳಿಸುವುದು, ಆಮೇಲೆ ಮಾಹಿತಿ ಹಕ್ಕಿನಡಿ ತನ್ನ ಅಂಕ ಕೇಳುವುದು. ಖಾಸಗಿ ಕಂಪನಿಯ ಬಾಗಿಲಲ್ಲಿ ಈ ದಾರಿ ಬಹುಪಾಲು ಮುಚ್ಚಿದೆ. ನೇಮಕದಲ್ಲಿ ಹೆಣ್ಣೆಂದು ಭೇದ ಮಾಡಬಾರದೆಂದು 1976ರ ಸಮಾನ ವೇತನ ಕಾಯ್ದೆ ಖಾಸಗಿಯವರಿಗೂ ವಿಧಿಸಿತ್ತು, ಆದರೆ ಮುಚ್ಚಿದ ಕೋಣೆಯ ಮಾತಿಗೆ ಸಾಕ್ಷಿ ತರುವ ಕಷ್ಟ ಅಲ್ಲಿಯೂ ಅಷ್ಟೇ.

ಸಂದರ್ಶನವನ್ನು ಧ್ವನಿಮುದ್ರಿಸಿದರೆ ಒಳ್ಳೆಯದು ಎಂದು 1980ರ ಅಜಯ್ ಹಾಸಿಯಾ ತೀರ್ಪೇ ಸೂಚಿಸಿತ್ತು. ಆಗ ಟೇಪ್ ರೆಕಾರ್ಡರ್ ದುಬಾರಿ ಯಂತ್ರ. ಈಗ ಪ್ರತಿ ಗುಮಾಸ್ತನ ಜೇಬಿನಲ್ಲೂ ಅದಕ್ಕಿಂತ ಉತ್ತಮವಾದದ್ದಿದೆ. ಮಂಡಳಿಯ ಸದಸ್ಯರಿಗೆ ಬೆದರಿಕೆ ಬರಬಹುದು ಎಂಬ ಅಳುಕು ಸುಳ್ಳಲ್ಲ. ಬಿಹಾರ ಲೋಕಸೇವಾ ಆಯೋಗದ 2012ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದೇ ಕಾರಣಕ್ಕೆ ಸದಸ್ಯರ ಹೆಸರು ವಿಳಾಸ ಬಹಿರಂಗಪಡಿಸಬೇಕಿಲ್ಲ ಎಂದಿತು, ಅದು ಒಪ್ಪತಕ್ಕದ್ದೇ. ಆದರೆ ಹೆಸರು ಗುಟ್ಟಾಗಿಟ್ಟೇ ಪ್ರಶ್ನೋತ್ತರದ ಧ್ವನಿಯನ್ನೂ, ಪ್ರತಿ ಸದಸ್ಯ ಬೇರೆ ಬೇರೆಯಾಗಿ ಕೊಟ್ಟ ಅಂಕವನ್ನೂ, ಅಂಕಕ್ಕೆ ಒಂದು ಸಾಲಿನ ಕಾರಣವನ್ನೂ ಅಭ್ಯರ್ಥಿಯ ಕೈಗೆ ಕೊಡಲು ಯಾವ ಅಡ್ಡಿಯೂ ಇಲ್ಲ. ಕೆಪಿಎಸ್‌ಸಿ ತನ್ನ ಉಳಿದ 25 ಅಂಕಕ್ಕಾದರೂ ಮುಂದಿನ ಅಧಿಸೂಚನೆಯಿಂದಲೇ ಇದನ್ನು ಜಾರಿಗೆ ತರಬೇಕು, ಅಂತಿಮ ಪಟ್ಟಿ ಹೊರಬೀಳುವ ಮೊದಲೇ ಆ ದಾಖಲೆ ಅಭ್ಯರ್ಥಿಗೆ ಸಿಗಬೇಕು.