ಬಯಲಿನ ವಾದ್ಯವೃಂದ: ಅಮೆರಿಕಾದ ಸಂಗೀತಸ್ವತ್ವವನ್ನು ಕುರಿತ ಒಂದು ಸ್ಥಾನವಿಚಾರ

ನ್ಯೂಯಾರ್ಕ್ ನಗರದ ಸಿಟಿ ಕಾಲೇಜಿಗೆ ಸೇರಿದ್ದು, ಪ್ರಾಚೀನ ಗ್ರೀಕರ ರಂಗಸ್ಥಳವನ್ನು ನೆನಪಿಗೆ ತರುವ ಸ್ತಂಭಪಂಕ್ತಿಯಿಂದ ಆವೃತವಾಗಿದ್ದ ಲ್ಯೂಯಿಸನ್ ಕ್ರೀಡಾಂಗಣದಲ್ಲಿ, 1932ನೆಯ ಇಸವಿ ಆಗಸ್ಟ್ 16ರ ರಾತ್ರಿ, ಜಾರ್ಜ್ ಗರ್ಶ್ವಿನ್‌ನ ಕೃತಿಗಳಿಗೇ ಮೀಸಲಾದ ವಾದ್ಯವೃಂದದ ಕಚೇರಿಯೊಂದು ನಡೆಯಿತು. ಆರ್ಥಿಕ ಮುಗ್ಗಟ್ಟು ದೇಶವನ್ನೆಲ್ಲ ಹಿಂಡುತ್ತಿದ್ದ ಆ ವರ್ಷ, 17,000ಕ್ಕೂ ಮಿಕ್ಕ ಜನರು ಬೇಸಗೆಯ ಸೆಕೆಯಲ್ಲಿ ಅಲ್ಲಿ ನೆರೆದಿದ್ದರು. ಆ ರಾತ್ರಿ ಮೊತ್ತಮೊದಲಿಗೆ ನುಡಿಸಲ್ಪಟ್ಟ ಕೃತಿಯ ಹೆಸರು ‘ರೂಂಬಾ’. ಅಮೆರಿಕಾಕ್ಕೆ ತನ್ನದೇ ಆದ ದನಿ ದೊರೆಯಿತೆಂದು ಜನರು ಯಾರನ್ನು ಬೆರಳಿಟ್ಟು ತೋರಿಸುತ್ತಿದ್ದರೋ ಆ ರಚನಕಾರನೇ, ತನ್ನ ಗೌರವಾರ್ಥವೆಂಬಂತೆ ಏರ್ಪಟ್ಟ ರಾತ್ರಿಯಲ್ಲಿ, ಅದೇ ವರ್ಷದ ಫೆಬ್ರವರಿಯಲ್ಲಿ ಹವಾನಾಕ್ಕೆ ಹೋಗಿ ಕೇಳಿ ಬಂದಿದ್ದ ಕ್ಯೂಬಾದ ಲಯವನ್ನು ಶ್ರೋತೃಗಳ ಮುಂದಿಟ್ಟದ್ದು ವಿಚಾರಾರ್ಹವಾದ ಸಂಗತಿ. ಸ್ವತ್ವವೆಂಬುದನ್ನು ಎಲ್ಲಿ ಹುಡುಕಬೇಕೆಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ.

ಪ್ರಶ್ನೆ ಹಳೆಯದು. 1892ರಲ್ಲಿ ಜೆನೆಟ್ ಥರ್ಬರ್ ಎಂಬ ಮಹಿಳೆಯ ಆಹ್ವಾನದ ಮೇರೆಗೆ ನ್ಯೂಯಾರ್ಕಿನ ನ್ಯಾಷನಲ್ ಕನ್ಸರ್ವೇಟರಿಯ ನಿರ್ದೇಶಕನಾಗಿ ಬಂದ ಬೊಹೀಮಿಯಾದ ಡ್ವೊರ್ಝಾಕ್, ಅಲ್ಲಿನ ವಿದ್ಯಾರ್ಥಿಯಾಗಿದ್ದ ಹ್ಯಾರಿ ಬರ್ಲಿಯ ಬಾಯಿಂದ, ಗುಲಾಮಗಿರಿಯ ದಿನಗಳಲ್ಲಿ ಹುಟ್ಟಿದ ‘ಸ್ಪಿರಿಚುಯಲ್’ ಭಕ್ತಿಗೀತಗಳನ್ನು ಕೇಳಿ, ಈ ದೇಶದ ಭಾವೀ ಸಂಗೀತಕ್ಕೆ ಕರಿಯ ಜನರ ಹಾಡುಗಳೇ ಅಸ್ತಿಭಾರವಾಗಬೇಕೆಂದು 1893ರಲ್ಲಿ ಪತ್ರಿಕೆಯ ಮೂಲಕ ಸಾರಿದನು. ಅದೇ ವರ್ಷದ ಡಿಸೆಂಬರಿನಲ್ಲಿ ಆತನ ‘ನ್ಯೂ ವರ್ಲ್ಡ್’ ಸಿಂಫನಿ ಕಾರ್ನೆಗಿ ಹಾಲಿನಲ್ಲಿ ಮೊಳಗಿತು. ಪರದೇಶದ ಅತಿಥಿಯೊಬ್ಬನು ಬಂದು ಮನೆಯವರಿಗೆ ಅವರದೇ ಹಗೇವನ್ನು ತೋರಿಸಿಕೊಟ್ಟಂತಾಯಿತು. ಅಂದಿನಿಂದ ವಿಮರ್ಶಕರು ಬಹುಮಟ್ಟಿಗೆ ಧಾಟಿಯ ವಂಶಾವಳಿಯನ್ನೇ ಶೋಧಿಸುತ್ತ ಬಂದಿದ್ದಾರೆ: ಈ ಮಟ್ಟು ಯಾರದು, ಈ ಲಯ ಎಲ್ಲಿಯದು, ಇದು ಸ್ವದೇಶಿಯೋ ಎರವಲೋ ಎಂದು. ಈ ಮಾರ್ಗ ನಿಷ್ಪ್ರಯೋಜಕವೆಂದು ನಾನು ಹೇಳಲಾರೆ. ಆದರೆ ವಲಸೆಯಿಂದಲೂ ಬಲಾತ್ಕಾರದ ಸಾಗಣೆಯಿಂದಲೂ ತುಂಬಿದ ನಾಡಿನಲ್ಲಿ ಪ್ರತಿಯೊಂದು ಧಾಟಿಗೂ ಸಮುದ್ರದಾಚೆಗೆ ಒಬ್ಬ ಅಜ್ಜನಿದ್ದೇ ಇರುವುದರಿಂದ, ಈ ಶೋಧ ಕೊನೆಗೆ ಬಂದರಿನಲ್ಲಿ ಹೋಗಿ ನಿಲ್ಲುತ್ತದೆ. ಧಾಟಿ ಎಲ್ಲಿಂದ ಬಂದಿತೆಂಬುದಕ್ಕಿಂತಲೂ, ಬಂದ ಮೇಲೆ ಅದನ್ನು ಎಲ್ಲಿ ಕೂರಿಸಿದರು, ಯಾರಿಗೆ ಎಷ್ಟು ಹತ್ತಿರದಲ್ಲಿ ಕೇಳಿಸಿದರು ಎಂಬ ಸ್ಥಾನವಿಚಾರವೇ ಹೆಚ್ಚು ಫಲಪ್ರದವೆಂದು ನನ್ನ ಅಭಿಮತ. ಬಯಲಿನ ಕಚೇರಿಗಳಲ್ಲಿ ಅದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ.

ಬಯಲು ಶಬ್ದಕ್ಕೆ ನಿರ್ದಯವಾದ ಸ್ಥಳ. ಸಭಾಮಂದಿರದ ಗೋಡೆಗಳೂ ಚಾವಣಿಯೂ ನಾದವನ್ನು ಮರಳಿಸಿ ಪೋಷಿಸುವವು. ತೆರೆದ ಮೈದಾನದಲ್ಲಾದರೋ ಕೇಳುಗನು ಇಮ್ಮಡಿ ದೂರ ಸರಿದಾಗಲೆಲ್ಲ ಧ್ವನಿಯ ಮಟ್ಟ ಸುಮಾರು 6 ಡೆಸಿಬಲ್‌ನಂತೆ ಇಳಿಯುತ್ತದೆ. ಪಿಟೀಲಿನ ಮೃದುಸ್ವರಗಳು ಗಾಳಿಗೆ ಸಲ್ಲುತ್ತವೆ, ತುತ್ತೂರಿ ಉಳಿಯುತ್ತದೆ. ಎಲ್ಲಕ್ಕೂ ಮೇಲಾಗಿ, ಅತಿ ಸೂಕ್ಷ್ಮವಾದ ಘಳಿಗೆಯಲ್ಲಿಯೇ ವಿಮಾನವೊಂದು ತಲೆಯ ಮೇಲೆ ಹಾದುಹೋಗುವ ಸಂಭವವೂ ಉಂಟು. 1918ರಲ್ಲಿ ಆರಂಭವಾಗಿ, ಮಿನ್ನಿ ಗುಗೆನ್‌ಹೈಮರ್ ಎಂಬಾಕೆಯ ಅವಿರತ ಪರಿಶ್ರಮದಿಂದ ದಶಕಗಳ ಕಾಲ ನಡೆದ ಲ್ಯೂಯಿಸನ್ ಕ್ರೀಡಾಂಗಣದ ಕಚೇರಿಗಳಲ್ಲಿ ಅತ್ಯಂತ ಅಗ್ಗದ ಆಸನಕ್ಕೆ ಬಹುಕಾಲ 25 ಸೆಂಟುಗಳಷ್ಟೇ ದರವಿದ್ದದ್ದು, ಈ ನಾದನಷ್ಟವನ್ನು ಜನಲಾಭದಿಂದ ತುಂಬಿಕೊಂಡ ವ್ಯಾಪಾರವೆನ್ನಬಹುದು.

ಇಂತಹ ಬಯಲಿಗೆ ಬಂದ ಗರ್ಶ್ವಿನ್‌ನ ಹೊಸ ಕೃತಿಯಲ್ಲಿ, ಎರಡು ಮರದ ಕೋಲುಗಳನ್ನು ಒಂದಕ್ಕೊಂದು ತಾಡಿಸುವ ಕ್ಲಾವೆ, ಒಣಗಿದ ಸೋರೆಬುರುಡೆಯ ಮೈಯನ್ನು ಕಡ್ಡಿಯಿಂದ ಗೀರುವ ಗುಯಿರೊ, ಕಾಳು ತುಂಬಿ ಅಲ್ಲಾಡಿಸುವ ಮರಾಕಾ, ಜೋಡಿ ಬೊಂಗೊ, ಈ ನಾಲ್ಕು ಕ್ಯೂಬಾದ ವಾದ್ಯಗಳಿದ್ದವು. ಘನವಾದ್ಯಗಳನ್ನು ವೃಂದದ ಹಿಂಬದಿಯಲ್ಲಿ, ಹಿತ್ತಾಳೆಯ ವಾದ್ಯಗಳ ಮಗ್ಗುಲಲ್ಲಿ ನಿಲ್ಲಿಸುವುದು ಪಾಶ್ಚಾತ್ಯ ಸಂಪ್ರದಾಯ. ಗರ್ಶ್ವಿನ್ ಈ ವಾದ್ಯಗಳ ಚಿತ್ರಗಳನ್ನೇ ಸ್ವರಪತ್ರದಲ್ಲಿ ಬರೆದು, ಇವುಗಳನ್ನು ವೃಂದನಿರ್ವಾಹಕನ ಪೀಠದ ಎದುರಿಗೇ ಇರಿಸತಕ್ಕದ್ದೆಂದು ನಿರ್ದೇಶಿಸಿದನು. ಇದು ಕೇವಲ ಶ್ರವಣಸೌಕರ್ಯದ ಸೂಚನೆಯೆಂದು ತಳ್ಳಿಹಾಕುವವರೊಡನೆ ನನಗೆ ವಿರೋಧವಿಲ್ಲ. ಬುರುಡೆಯ ಗೀರುಸದ್ದು ತುತ್ತೂರಿಯ ಹಿಂದಿನಿಂದ ಯಾರಿಗೂ ಕೇಳದೆಂಬುದು ನಿಜವೇ. ಆದರೂ ಒಂದು ವಸ್ತು ಅಲಂಕಾರವಾಗಿ ಬಂದಿದೆಯೋ ಆಧಾರವಾಗಿ ಬಂದಿದೆಯೋ ಎಂಬುದನ್ನು ತಿಳಿಯಲು, ಪಿಟೀಲುಗಾರರನ್ನು ಪಕ್ಕಕ್ಕೆ ಸರಿಸಿ ಅದಕ್ಕೆ ಎಡೆಮಾಡಿದರೇ ಎಂದು ಕೇಳುವುದಕ್ಕಿಂತ ಸ್ಪಷ್ಟವಾದ ಪರೀಕ್ಷೆ ನನಗೆ ತೋರದು.

ವಾದ್ಯಗಳಿಗೆ ಸಲ್ಲುವ ವಿಚಾರ ಮನುಷ್ಯರಿಗೂ ಸಲ್ಲುತ್ತದೆ. ಕರಿಯ ಜನರ ಬಡಾವಣೆಯಾದ ಹಾರ್ಲೆಮಿನ ನೆರೆಯಲ್ಲಿಯೇ ಇದ್ದ ಈ ಕ್ರೀಡಾಂಗಣದಲ್ಲಿ, 1925ರ ಆಗಸ್ಟಿನಲ್ಲಿ, ಸ್ಪರ್ಧೆಯೊಂದರಲ್ಲಿ ಗೆದ್ದ ಮೇರಿಯನ್ ಆಂಡರ್ಸನ್ ಎಂಬ ಕರಿಯ ತರುಣಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವೃಂದದೊಡನೆ ಹಾಡಿದಳು. ಕರಿಯ ರಚನಕಾರ ವಿಲಿಯಂ ಗ್ರಾಂಟ್ ಸ್ಟಿಲ್ ತನ್ನ ‘ಆಫ್ರೋ-ಅಮೆರಿಕನ್ ಸಿಂಫನಿ’ಯಲ್ಲಿ ಬ್ಯಾಂಜೊ ವಾದ್ಯಕ್ಕೊಂದು ಕುರ್ಚಿಯನ್ನು ದೊರಕಿಸಿಕೊಟ್ಟದ್ದು 1931ರಲ್ಲಿ; ಆತನೇ ಲಾಸ್ ಏಂಜಲೀಸಿನ ವೃಂದದ ಮುಂದೆ ನಿರ್ವಾಹಕನಾಗಿ ನಿಂತದ್ದು 1936ರಲ್ಲಿ, ಹಾಲಿವುಡ್ ಬೌಲ್ ಎಂಬ ಬಯಲಿನಲ್ಲಿ. ಹೀಗೆಂದ ಮಾತ್ರಕ್ಕೆ ಬಯಲೆಂದರೆ ಔದಾರ್ಯವೆಂದು ಭಾವಿಸಕೂಡದು. 1939ರ ಈಸ್ಟರ್ ಭಾನುವಾರ ಆಂಡರ್ಸನ್ ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ 75,000 ಜನರೆದುರು ಹಾಡಿದ್ದು, ಕಾನ್ಸ್ಟಿಟ್ಯೂಷನ್ ಹಾಲಿನ ಬಾಗಿಲು ಆಕೆಯ ಮೈಬಣ್ಣದ ದೆಸೆಯಿಂದ ಮುಚ್ಚಿಕೊಂಡದ್ದರಿಂದ.

ಬಯಲನ್ನೇ ಸ್ವರಪತ್ರದೊಳಕ್ಕೆ ತಂದವನು ಚಾರ್ಲ್ಸ್ ಐವ್ಸ್. ಕನೆಕ್ಟಿಕಟ್ಟಿನ ಡ್ಯಾನ್‌ಬರಿಯಲ್ಲಿ ಬ್ಯಾಂಡ್ ನಾಯಕನ ಮಗನಾಗಿ ಬೆಳೆದ ಈತನ ‘ಪಟ್ನಮ್ಸ್ ಕ್ಯಾಂಪ್’ ಎಂಬ ಭಾಗದಲ್ಲಿ, ಜುಲೈ ನಾಲ್ಕರ ವನಭೋಜನಕ್ಕೆ ಬಂದ ಹುಡುಗನೊಬ್ಬನ ಕಿವಿಗೆ ಎರಡು ಬ್ಯಾಂಡುಗಳು ಬೇರೆ ಬೇರೆ ನಡೆಯಲ್ಲಿ ಏಕಕಾಲಕ್ಕೆ ಬಂದು ಬೀಳುತ್ತವೆ. ಒಂದು ಇನ್ನೊಂದಕ್ಕೆ ಎಡೆಬಿಡದು, ಶರಣಾಗದು. ಆ ಭಾಗವನ್ನೊಳಗೊಂಡ, ‘ನ್ಯೂ ಇಂಗ್ಲೆಂಡಿನ ಮೂರು ಸ್ಥಳಗಳು’ ಎಂಬ ಹೆಸರಿನಲ್ಲಿಯೇ ಸ್ಥಳವನ್ನು ಹೊತ್ತ ಕೃತಿ ವಾದ್ಯವೃಂದಕ್ಕೆ ಸಾರ್ವಜನಿಕವಾಗಿ ದಕ್ಕಿದ್ದು 1931ರ ಜನವರಿಯಲ್ಲಿ, ನ್ಯೂಯಾರ್ಕಿನ ಟೌನ್ ಹಾಲಿನ ನಾಲ್ಕು ಗೋಡೆಗಳ ನಡುವೆ ಎಂಬುದು ಚರಿತ್ರೆಯ ಕುಚೇಷ್ಟೆ.

ಇಂಥದೇ ಇನ್ನೊಂದು ಕುಚೇಷ್ಟೆ ಬಾಸ್ಟನ್ನಿನದು. ವೃಂದನಿರ್ವಾಹಕ ಆರ್ಥರ್ ಫೀಡ್ಲರ್ ಚಾರ್ಲ್ಸ್ ನದಿಯ ದಡದಲ್ಲಿ ಬಯಲು ಕಚೇರಿಗಳನ್ನು ತೊಡಗಿದ್ದು 1929ರ ಜುಲೈ 4ರಂದು. 1974ರ ಸ್ವಾತಂತ್ರ್ಯದಿನದಂದು ಅಲ್ಲಿ ನಿಜವಾದ ಫಿರಂಗಿ, ಚರ್ಚಿನ ಗಂಟೆ, ಬಾಣಬಿರುಸುಗಳೊಡನೆ ನುಡಿಸಿದ್ದು, ನೆಪೋಲಿಯನ್ನನ ಎದುರು ರಷ್ಯದ ವಿಜಯವನ್ನು ಕೀರ್ತಿಸುವ ಚೈಕೋವ್‌ಸ್ಕಿಯ ‘1812’. ವಂಶಾವಳಿಯ ಶೋಧಕರಿಗೆ ಇದು ಅಪಹಾಸ್ಯವೆನಿಸಬಹುದು. ಶ್ರೋತೃಗಳಿಗೆ ಹಾಗೆನಿಸಲಿಲ್ಲ, ಅದು ಇಂದಿಗೂ ಆ ದಡದ ಸಂಪ್ರದಾಯ.

ಗರ್ಶ್ವಿನ್‌ನ ಕೃತಿಗೆ ಮರಳುವುದಾದರೆ, 1932ರ ನವೆಂಬರ್ 1ರಂದು ಅದು ಮೆಟ್ರೊಪಾಲಿಟನ್ ಆಪೆರಾ ಭವನದ ಚಾವಣಿಯ ಕೆಳಗೆ ಬಂದಾಗ, ‘ರೂಂಬಾ’ ಎಂಬ ಹೆಸರನ್ನು ಕಂಡ ಜನ ಕುಣಿತದ ಹಾಡೊಂದನ್ನು ನಿರೀಕ್ಷಿಸಿಯಾರೆಂದು ಶಂಕಿಸಿ, ಆತನು ಅದಕ್ಕೆ ‘ಕ್ಯೂಬನ್ ಓವರ್ಚರ್’ ಎಂದು ಮರುನಾಮಕರಣ ಮಾಡಿದನು. ಮೈದಾನದಲ್ಲಿ ಸಲ್ಲುತ್ತಿದ್ದ ಹೆಸರು ಮಂದಿರದಲ್ಲಿ ಸಲ್ಲಲಿಲ್ಲ. ವಾದ್ಯಗಳನ್ನು ಪೀಠದ ಎದುರಿಗೆ ಇಡತಕ್ಕದ್ದೆಂಬ ಸೂಚನೆಯನ್ನು ಮಾತ್ರ ಆತನು ಹೊಡೆದುಹಾಕಲಿಲ್ಲ.