ಗಡುವು ಯಾರಿಗೆ? ಶಾಲೆ–ದುಡಿಮೆಗಳ ನಡುವಿನ ಯುವಜನರು ಮತ್ತು ನೀತಿಯ ದಿನಗಣನೆ

ಓದೂ ಇಲ್ಲದ, ಕೆಲಸವೂ ಇಲ್ಲದ ಯುವಜನರಿಗಾಗಿ ರೂಪಿಸಿದ ಯೋಜನೆಗಳನ್ನು ಹಣದ ಮೊತ್ತದಿಂದ ಅಳೆಯುವುದು ವಾಡಿಕೆ. ಅವು ದಿನಗಳನ್ನು ಯಾರ ಲೆಕ್ಕದಲ್ಲಿ ಎಣಿಸುತ್ತವೆ ಎಂಬುದೇ ಹೆಚ್ಚು ಮುಖ್ಯ ಎಂಬುದು ನನ್ನ ವಾದ.

2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ, ಕರ್ನಾಟಕ ಸರ್ಕಾರದ ನಿರುದ್ಯೋಗ ಭತ್ಯೆ ಯೋಜನೆ ಯುವನಿಧಿಯನ್ನೇ ನೋಡಿ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500, ಗರಿಷ್ಠ ಎರಡು ವರ್ಷ. ತೇರ್ಗಡೆಯಾದ ಮೇಲೆ 180 ದಿನ ಕೆಲಸವಿಲ್ಲದೆ ಕಳೆದಿರಬೇಕು. ಇಲ್ಲಿ ಗಡುವು ಇರುವುದು ಕಾಯುವವನಿಗೆ.

ಯುರೋಪಿನ ಒಕ್ಕೂಟ 2013ರ ಏಪ್ರಿಲ್‌ನಲ್ಲಿ ಅಂಗೀಕರಿಸಿದ ಯುವ ಖಾತರಿಯಲ್ಲಿ ಇದು ತಿರುವುಮುರುವಾಗಿದೆ. 25ರೊಳಗಿನವರು ಶಾಲೆ ಬಿಟ್ಟ ಅಥವಾ ಕೆಲಸ ಕಳೆದುಕೊಂಡ ನಾಲ್ಕು ತಿಂಗಳೊಳಗೆ ಅವರ ಮುಂದೆ ಉದ್ಯೋಗ, ಮುಂದಿನ ಓದು, ಅಪ್ರೆಂಟಿಸ್‌ಶಿಪ್ ಇಲ್ಲವೇ ತರಬೇತಿಯ ಅವಕಾಶವನ್ನು ಇಡಬೇಕಾದದ್ದು ಸರ್ಕಾರ. 2020ರಲ್ಲಿ ವಯೋಮಿತಿ 30ಕ್ಕೆ ಏರಿತು. ಇದು ಶಿಫಾರಸು, ಕಾನೂನಲ್ಲ. ಹಾಗಾಗಿ ಖಾತರಿ ಎಂಬ ಪದ ಸ್ವಲ್ಪ ದುಬಾರಿಯೇ. ಆದರೆ ಫಿನ್ಲೆಂಡ್ 2013ರಲ್ಲೇ ತನ್ನ ಗಡುವನ್ನು ಮೂರು ತಿಂಗಳಿಗೆ ಇಟ್ಟುಕೊಂಡಿತು. ಅಲ್ಲಿ ಗಡುವಿಗಿಂತ ದೊಡ್ಡದು ಹುಡುಕಿಕೊಂಡು ಹೋಗುವ ಯುವಸೇವೆ: ಓದು ಕೈಬಿಟ್ಟವರ ಮಾಹಿತಿ ಶಾಲೆಯಿಂದ ಪುರಸಭೆಯ ಕಾರ್ಯಕರ್ತರಿಗೆ ಹೋಗುತ್ತದೆ, ಅವರೇ ಸಂಪರ್ಕಿಸುತ್ತಾರೆ. ಅರ್ಜಿ ಹಾಕಲು ಬಾರದವನೇ ಹೆಚ್ಚು ಅಪಾಯದಲ್ಲಿರುವವನು ಎಂಬ ತಿಳಿವಳಿಕೆ ಅದರ ಹಿಂದಿದೆ.

ನಮ್ಮಲ್ಲಿ ಜಾರಿಬೀಳುವ ಜಾಗ ಪದವಿಗಿಂತ ಬಹಳ ಮೊದಲೇ ಬರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷೆ 14ಕ್ಕೆ ಮುಗಿಯುತ್ತದೆ. 2016ರ ತಿದ್ದುಪಡಿಯ ನಂತರದ ಬಾಲಕಾರ್ಮಿಕ ಕಾಯ್ದೆ 14ರಿಂದ 18ರವರಿಗೆ ಅಪಾಯಕಾರಿ ಕೆಲಸವನ್ನಷ್ಟೇ ನಿಷೇಧಿಸುತ್ತದೆ. ನೆರವಿನ ಒಳ್ಳೆಯ ಮಾದರಿಯೂ ನಮ್ಮಲ್ಲೇ ಇದೆ: 1982ರಲ್ಲಿ ಉಜಿರೆಯಲ್ಲಿ ಹುಟ್ಟಿ, ಮುಂದೆ ದೇಶದ ಜಿಲ್ಲೆಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ (ಆರ್‌ಸೆಟಿ) ಮಾದರಿಯಾದ ರುಡ್‌ಸೆಟ್, ಊಟ–ವಸತಿ ಸಹಿತ ಉಚಿತ ತರಬೇತಿ ಕೊಟ್ಟು, ಬಳಿಕ ಎರಡು ವರ್ಷ ಬೆನ್ನಿಗೆ ನಿಲ್ಲುತ್ತದೆ. ಈ ಅನುಸರಣೆಯೇ ಅದರ ನಿಜವಾದ ಬಲ ಎಂದು ನನ್ನ ಅಂದಾಜು. ಆದರೆ ಅದರ ಬಾಗಿಲು ತೆರೆಯುವುದು 18 ತುಂಬಿದವರಿಗೆ.

14 ಮತ್ತು 18ರ ನಡುವೆ ಎಸ್ಸೆಸ್ಸೆಲ್ಸಿ ಬರುತ್ತದೆ. 2024ರ ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಶೇ. 73.40. ಅದೇ ವರ್ಷ ಮೂರು ಪರೀಕ್ಷೆಗಳ ಪದ್ಧತಿ ಬಂತು. ಫೇಲಾದವರಿಗೆ ಆ ವರ್ಷದಲ್ಲೇ ಇನ್ನೆರಡು ಅವಕಾಶ ಸಿಕ್ಕಿತು. ಒಳ್ಳೆಯದೇ. ಆದರೆ ಗ್ಯಾರೇಜಿಗೋ ಇಟ್ಟಿಗೆ ಗೂಡಿಗೋ ಸೇರಿಕೊಂಡ ಹುಡುಗ, ಮದುವೆಯ ಮಾತು ಶುರುವಾದ ಮನೆಯ ಹುಡುಗಿ, ಮತ್ತೆ ಪರೀಕ್ಷೆಗೆ ಕೂರುತ್ತಾರೆಂದು ಭಾವಿಸುವುದು ಹೇಗೆ? ಎಂಟನೆಯ ತರಗತಿ ಪಾಸಾದವರನ್ನೂ ಸೇರಿಸಿಕೊಳ್ಳುವ ಐಟಿಐ ವೃತ್ತಿಗಳಿವೆ; ಆ ದಾರಿ ತೋರಿಸುವುದು ಮಾತ್ರ ಯಾರಾದರೊಬ್ಬ ಮೇಷ್ಟ್ರ ಒಳ್ಳೆಯತನಕ್ಕೆ ಬಿಟ್ಟದ್ದು.

ಮಾಹಿತಿಯ ಕೊರತೆ ಎನ್ನುವಂತಿಲ್ಲ. ರಾಜ್ಯದ ಶಾಲೆಗಳ ಪ್ರತಿ ವಿದ್ಯಾರ್ಥಿಗೂ, ಕಲಿಕೆಯನ್ನು ದಾಖಲಿಸುವ ಸ್ಯಾಟ್ಸ್ ವ್ಯವಸ್ಥೆಯ ಸಂಖ್ಯೆ ಇದೆ. ಯಾರು ಫೇಲಾದರು, ಯಾವ ಊರಿನವರು ಎಂಬುದು ಫಲಿತಾಂಶದ ದಿನವೇ ಇಲಾಖೆಗೆ ಗೊತ್ತು. ಗಡುವು ಹಾಕಿಕೊಳ್ಳುವುದಿದ್ದರೆ ದಿನಗಳನ್ನು ಅಲ್ಲಿಂದಲೇ ಎಣಿಸಲು ಆರಂಭಿಸಬಹುದು.