ಓಟ ಮೊದಲೋ, ಭಯ ಮೊದಲೋ

ಕಾಡಿನಲ್ಲಿ ಕರಡಿ ಎದುರಾಗುತ್ತದೆ, ಭಯವಾಗುತ್ತದೆ, ಓಡುತ್ತೇವೆ. ಯಾರನ್ನು ಕೇಳಿದರೂ ಹೇಳುವ ಕ್ರಮ ಇದೇ. 1884ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮೇಷ್ಟ್ರು ವಿಲಿಯಂ ಜೇಮ್ಸ್ ‘ಮೈಂಡ್’ ಪತ್ರಿಕೆಯಲ್ಲಿ ಇದು ತಿರುವುಮುರುವು ಎಂದು ಬರೆದರು. ಕರಡಿ ಕಂಡೊಡನೆ ಎದೆ ಹೊಡೆದುಕೊಳ್ಳುತ್ತದೆ, ಕಾಲು ಕೀಳುತ್ತೇವೆ. ಮೈಯೊಳಗೆ ಏಳುವ ಈ ಗದ್ದಲ ಅರಿವಿಗೆ ಬರುವುದೇ ಭಯ. ಬಡಿತ, ನಡುಕ, ಬೆವರು ಎಲ್ಲವನ್ನೂ ಕಳೆದುಬಿಟ್ಟರೆ ಉಳಿಯುವುದು ‘ಅಲ್ಲೊಂದು ಅಪಾಯವಿದೆ’ ಎಂಬ ತಣ್ಣನೆಯ ತಿಳಿವಳಿಕೆ ಅಷ್ಟೆ ಎಂಬುದು ಅವರ ವಾದ.

ಜೇಮ್ಸ್ ವೈದ್ಯಕೀಯ ಪದವಿ ಪಡೆದವರು, ಆದರೆ ಒಬ್ಬ ರೋಗಿಗೂ ಮದ್ದು ಕೊಡುವ ವೃತ್ತಿಗೆ ಇಳಿದವರಲ್ಲ. ಈ ಲೇಖನದ ಹಿಂದೆಯೂ ದೊಡ್ಡ ಪ್ರಯೋಗವೇನಿರಲಿಲ್ಲ. ತಮ್ಮ ಮನಸ್ಸನ್ನು ತಾವೇ ಗಮನಿಸಿ ಕಂಡುಕೊಂಡದ್ದೇ ಹೆಚ್ಚು. ಮರುವರ್ಷವೇ ಡೆನ್ಮಾರ್ಕಿನ ವೈದ್ಯ ಕಾರ್ಲ್ ಲಾಂಗೆ, ಜೇಮ್ಸರ ಬರಹದ ಸುಳಿವಿಲ್ಲದೆ, ಭಾವನೆಗಳಿಗೆ ಮೂಲ ರಕ್ತನಾಳಗಳ ಹಿಗ್ಗು-ಕುಗ್ಗು ಎಂದು ಪುಸ್ತಕ ಪ್ರಕಟಿಸಿದರು. ಎರಡೂ ಹೆಸರು ಜೋಡಿಯಾಗಿ ಜೇಮ್ಸ್–ಲಾಂಗೆ ಸಿದ್ಧಾಂತವೆಂದು ಪಠ್ಯಪುಸ್ತಕ ಸೇರಿದವು.

ಅದನ್ನು ಉರುಳಿಸಲು ಹೊರಟವರು ಜೇಮ್ಸರ ವಿದ್ಯಾರ್ಥಿಯೇ ಆಗಿದ್ದ ವಾಲ್ಟರ್ ಕ್ಯಾನನ್. ವಿಸ್ಕಾನ್ಸಿನ್‌ನಿಂದ ಹಾರ್ವರ್ಡಿಗೆ ಬಂದ ಈ ಹುಡುಗನಿಗೆ ತತ್ತ್ವಶಾಸ್ತ್ರ ಓದುವ ಆಸೆಯಿತ್ತು. ಗಾಳಿ ಕುಡಿದು ಹೊಟ್ಟೆ ತುಂಬಿಸಿಕೊಂಡ ಹಾಗಾದೀತು ಎಂಬ ಅರ್ಥದ ಮಾತು ಹೇಳಿ ಜೇಮ್ಸ್ ಬೇಡವೆಂದರಂತೆ. ಕ್ಯಾನನ್ ವೈದ್ಯಕೀಯ ಸೇರಿ ಸಾಕ್ಷಾತ್ ಹೊಟ್ಟೆಯನ್ನೇ ನೋಡತೊಡಗಿದರು. ರಾಂಟ್‌ಗೆನ್ ಎಕ್ಸ್‌ರೇ ಕಂಡುಹಿಡಿದು ವರ್ಷವಷ್ಟೇ ಕಳೆದಿತ್ತು. ಬಿಸ್ಮತ್ ಲವಣ ಬೆರೆಸಿದ ಆಹಾರವನ್ನು ಬೆಕ್ಕುಗಳಿಗೆ ತಿನ್ನಿಸಿ, ಅದು ಜಠರದಲ್ಲಿ ಅಲೆಅಲೆಯಾಗಿ ಸಾಗುವುದನ್ನು ಅವರು ಎಕ್ಸ್‌ರೇ ಪರದೆಯ ಮೇಲೆ ಕಂಡರು. ಬೆಕ್ಕು ಕೊಸರಾಡಿ ರೇಗಿತೆಂದರೆ ಅಲೆ ಥಟ್ಟನೆ ನಿಲ್ಲುತ್ತಿತ್ತು. ಸಮಾಧಾನವಾದ ಮೇಲೆ ಮತ್ತೆ ಶುರು. ಪಚನಕ್ರಿಯೆ ನೋಡಲು ಕೂತವರ ಕಣ್ಣಿಗೆ ಸಿಟ್ಟು ಬಿದ್ದದ್ದು ಹೀಗೆ. ಕಾದಾಟಕ್ಕೋ ಪಲಾಯನಕ್ಕೋ ಅಡ್ರಿನಲಿನ್ ದೇಹವನ್ನು ಅಣಿಗೊಳಿಸುತ್ತದೆ ಎಂಬ ಅವರ ಪ್ರಸಿದ್ಧ ವಿವರಣೆ 1915ರ ಪುಸ್ತಕದಲ್ಲಿ ಬಂತು.

1927ರಲ್ಲಿ ಕ್ಯಾನನ್ ನೇರ ದಾಳಿಗಿಳಿದರು. ಜ್ವರ, ಚಳಿ, ಸಿಟ್ಟು, ಭಯ – ಎಲ್ಲದರಲ್ಲೂ ಒಳಾಂಗಗಳ ಬದಲಾವಣೆ ಹೆಚ್ಚುಕಡಿಮೆ ಒಂದೇ. ಅದರಿಂದ ಭಾವನೆಗಳ ನಡುವಿನ ವ್ಯತ್ಯಾಸ ಹೇಗೆ ಹುಟ್ಟೀತು? ಕರುಳು ಮಂದಗತಿಯದು, ಭಾವನೆ ಅದಕ್ಕಿಂತ ಬೇಗ. ಮ್ಯಾಡ್ರಿಡ್‌ನ ಗ್ರೆಗೋರಿಯೊ ಮರನ್ಯೋನ್ 210 ಜನರಿಗೆ ಅಡ್ರಿನಲಿನ್ ಚುಚ್ಚಿದಾಗ ಹೆಚ್ಚಿನವರು ಎದೆಬಡಿತ, ನಡುಕ ಎಂದಷ್ಟೇ ಹೇಳಿದ್ದರು. ಕೆಲವರು ಹೆದರಿದ ಹಾಗಿದೆ, ಆದರೆ ಹೆದರಿಕೆಯಿಲ್ಲ ಎಂದಿದ್ದರು. ಕ್ಯಾನನ್ನರ ಪ್ರಬಲ ಸಾಕ್ಷಿ ಮಾತ್ರ ಬೆಕ್ಕುಗಳೇ. ಒಳಾಂಗಗಳ ಈ ಬದಲಾವಣೆಗಳನ್ನು ನಡೆಸುವ ಅನುವೇದಕ (ಸಿಂಪಥೆಟಿಕ್) ನರಮಂಡಲವನ್ನು ಶಸ್ತ್ರಕ್ರಿಯೆಯಿಂದ ತೆಗೆದುಹಾಕಿದ ಮೇಲೂ ಅವು ಬೊಗಳುವ ನಾಯಿಯೆದುರು ಬುಸುಗುಟ್ಟಿದವು, ಕಿವಿ ಹಿಂದಕ್ಕೆ ಮಡಚಿದವು, ಹಲ್ಲು ಕಿರಿದವು, ಹೊಡೆಯಲು ಪಂಜ ಎತ್ತಿದವು. ರೋಮ ಮಾತ್ರ ನಿಮಿರಲಿಲ್ಲ.

ಗೆದ್ದವರು ಕ್ಯಾನನ್ ಎಂದು ತೀರ್ಪಾಯಿತು. ತೀರ್ಪು ತುಸು ಅವಸರದ್ದು. ಬೆಕ್ಕು ಸಿಟ್ಟಿನಿಂದ ವರ್ತಿಸಿತು, ಸರಿ; ಸಿಟ್ಟು ಅದಕ್ಕೆ ಅನ್ನಿಸಿತೇ? ಜೇಮ್ಸ್ ಕೇಳಿದ್ದು ಎರಡನೆಯದನ್ನು. ಹಾಗೆಂದು ವಾದಿಸಲು ಅವರು ಬದುಕಿರಲಿಲ್ಲ, 1910ರಲ್ಲೇ ತೀರಿಕೊಂಡಿದ್ದರು.

ಬೆಕ್ಕನ್ನು ಕೇಳಲಾಗದ್ದನ್ನು ಮನುಷ್ಯರನ್ನು ಕೇಳಿದವರು ಜಾರ್ಜ್ ಹೋಮನ್, ತಮ್ಮದೇ ಬೆನ್ನುಹುರಿಗೂ ಪೆಟ್ಟಾಗಿದ್ದ ಮನಶ್ಶಾಸ್ತ್ರಜ್ಞ. 1966ರಲ್ಲಿ ಅವರು ಪ್ರಕಟಿಸಿದ್ದು ಬೆನ್ನುಹುರಿ ಜಖಂಗೊಂಡ 25 ಜನರ ಮಾತುಗಳನ್ನು. ಪೆಟ್ಟು ಎಷ್ಟು ಮೇಲಕ್ಕಿತ್ತೋ, ಅಂದರೆ ದೇಹದ ಸುದ್ದಿ ಮಿದುಳಿಗೆ ಎಷ್ಟು ಕಡಿಮೆ ತಲುಪುತ್ತಿತ್ತೋ, ಸಿಟ್ಟು-ಭಯಗಳ ಕಾವು ಅಷ್ಟು ಇಳಿದಿತ್ತು. ಕೂಗಾಡಬೇಕಾದಲ್ಲಿ ಕೂಗಾಡುತ್ತೇವೆ, ಆದರೆ ಮೊದಲಿನ ಬಿಸಿ ಇಲ್ಲ ಎಂದು ಕೆಲವರು ವಿವರಿಸಿದರು. ಕ್ಯಾನನ್ನರ ಬೆಕ್ಕುಗಳಂಥ ಈ ಮನುಷ್ಯರು ಜೇಮ್ಸರ ಪರ ಸಾಕ್ಷಿ ನುಡಿದರು ಎನ್ನಬಹುದು. ಆಮೇಲಿನ ಅಧ್ಯಯನಗಳಲ್ಲಿ ಫಲಿತಾಂಶ ಇಷ್ಟು ಸ್ಪಷ್ಟವಾಗಿ ಬರಲಿಲ್ಲ ಎಂಬುದೂ ನಿಜ.

ಇತ್ತ ಮಿದುಳಿನೊಳಗೆ ಭಾವನೆಯ ಮನೆ ಹುಡುಕುವ ಕೆಲಸ ನಡೆದೇ ಇತ್ತು. ಕ್ಯಾನನ್ನರ ಶಿಷ್ಯ ಫಿಲಿಪ್ ಬಾರ್ಡ್ 1928ರಲ್ಲಿ ಹೈಪೊಥಲಮಸ್ಸಿನತ್ತ ಬೆರಳು ತೋರಿಸಿದರು. 1937ರಲ್ಲಿ ಕಾರ್ನೆಲ್‌ನ ಜೇಮ್ಸ್ ಪೇಪೆಝ್, ರೇಬಿಸ್ ರೋಗಿಗಳ ಉನ್ಮತ್ತ ಭಯವನ್ನೂ ಅವರ ಹಿಪೊಕ್ಯಾಂಪಸ್ಸಿಗಾಗುವ ಹಾನಿಯನ್ನೂ ಕೂಡಿಸಿ ನೋಡಿ, ಭಾವನೆ ಒಂದು ಸರಪಳಿಯಲ್ಲಿ ಸುತ್ತುತ್ತದೆ ಎಂದರು. ಹಿಪೊಕ್ಯಾಂಪಸ್ಸಿನ ದೊಡ್ಡ ಕಸುಬು ನೆನಪು ಎಂದು ಮುಂದೆ ತಿಳಿಯಿತು. ಗಮನ ಅಮಿಗ್ಡಲಕ್ಕೆ ಹೊರಳಿತು, ಬಾದಾಮಿ ಗಾತ್ರದ ಆ ಭಾಗಕ್ಕೆ. ಶಬ್ದ ಕೇಳಿ ಆಘಾತ ನಿರೀಕ್ಷಿಸುವ ಇಲಿಗಳಲ್ಲಿ ಜೋಸೆಫ್ ಲೆಡೂ, ಸದ್ದು ಮಿದುಳಿನ ಹೊರಪದರವನ್ನು ಬಳಸದೆಯೇ ಅಲ್ಲಿಗೆ ಮುಟ್ಟುವ ಅಡ್ಡದಾರಿಯನ್ನು ಗುರುತಿಸಿದರು. ಪತ್ರಿಕೆಗಳು ಅಮಿಗ್ಡಲವನ್ನು ‘ಭಯದ ಕೇಂದ್ರ’ವೆಂದು ಕರೆದು ಕೈತೊಳೆದುಕೊಂಡವು.

ಅಮೆರಿಕದ ಅಯೋವಾದಲ್ಲಿ ಒಬ್ಬ ಮಹಿಳೆಗೆ ಅಪರೂಪದ ಆನುವಂಶಿಕ ಕಾಯಿಲೆಯಿಂದ ಎರಡೂ ಬದಿಯ ಅಮಿಗ್ಡಲ ನಾಶವಾಗಿತ್ತು. ಹಾವು ಕೈಗೆ ಕೊಟ್ಟರೆ ಕುತೂಹಲದಿಂದ ಸವರುತ್ತಿದ್ದರು. ದೆವ್ವದ ಮನೆಯ ಪ್ರದರ್ಶನದಲ್ಲಿ ಉಳಿದವರ ಮುಂದೆ ತಾವೇ ನಡೆದರು. ಆದರೆ 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರಿಗೂ, ಅದೇ ಹಾನಿಯಿದ್ದ ಇನ್ನಿಬ್ಬರಿಗೂ ಶೇ. 35ರಷ್ಟು ಇಂಗಾಲದ ಡೈಆಕ್ಸೈಡ್ ಇದ್ದ ಗಾಳಿಯನ್ನು ಒಮ್ಮೆ ಉಸಿರಾಡಿಸಲಾಯಿತು. ಉಸಿರುಕಟ್ಟುವ ಆ ಅನುಭವ ಹೊರಗಿನಿಂದ ಕಣ್ಣಿಗೋ ಕಿವಿಗೋ ಬರುವುದಲ್ಲ, ರಕ್ತದ ಆಮ್ಲೀಯತೆ ಏರಿ ಒಳಗಿನಿಂದ ಹುಟ್ಟುವುದು. ಮೂವರೂ ಗಾಬರಿಗೊಂಡರು, ಉಸಿರಾಟದ ಮುಖಗವಸನ್ನು ಕೀಳಲು ಹವಣಿಸಿದರು. ಹೋಲಿಕೆಗೆಂದು ಅದೇ ಗಾಳಿ ಉಸಿರಾಡಿದ, ಅಮಿಗ್ಡಲ ಸರಿಯಿದ್ದ 12 ಜನರಲ್ಲಿ ಹಾಗೆ ಗಾಬರಿಯಾದವರು ಮೂವರೇ.